ಹತ್ತು ತಿಂಗಳ ಲೆಕ್ಕ

"ಇದು ಶುರುವಾಗಿ ಎಷ್ಟು ದಿನ ಆಯ್ತು?"

ತಮ್ಮನನ್ನು ಕರೆದೊಯ್ದಾಗ ಮನಸ್ಸಿನ ಡಾಕ್ಟರು ಕೇಳಿದ ಮೊದಲ ಪ್ರಶ್ನೆ ಇದು. ನಾನು ಅಡಿಕೆ ಸೊಸೈಟಿಯಲ್ಲಿ ಲೆಕ್ಕ ಬರೆಯುವವಳು, ತಾರೀಕು ಮರೆಯುವುದಿಲ್ಲ. "ಹತ್ತು ತಿಂಗಳು" ಅಂದೆ. ಅವರು ಬರೆದುಕೊಂಡರು. ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

ನಮಗಿಂತ ಮುಂಚೆ ಒಳಗೆ ಹೋದವರು ಚಿಕ್ಕಮಗಳೂರು ಪೇಟೆಯವರೇ. ಬೆಂಚಿನ ಮೇಲೆ ಕೂತಿದ್ದಾಗ ಆ ತಾಯಿ ಮಾತಾಡಿಸಿದರು. ಮಗಳು ಪಿಯುಸಿ. ತನ್ನ ಮನಸ್ಸಿನಲ್ಲಿರುವುದನ್ನು ಕ್ಲಾಸಿನವರೆಲ್ಲ ಓದುತ್ತಾರೆ ಅನ್ನತೊಡಗಿದ್ದಳಂತೆ. ಮೂರನೇ ವಾರಕ್ಕೆ ಆಟೋ ಹತ್ತಿಸಿ ಕರೆತಂದಿದ್ದರು. ಅವರೂ ಮೊದಲು ತಾಯಿತ ಕಟ್ಟಿಸಿದವರೇ. ಹುಡುಗಿಯ ತೋಳಲ್ಲಿ ಕಪ್ಪು ದಾರ ಇನ್ನೂ ಹಾಗೇ ಇತ್ತು. ತಾಯಿತ ಕಟ್ಟಿಸಿ ವಾರದೊಳಗೆ ಆಸ್ಪತ್ರೆಗೂ ಬರುವಷ್ಟು ಹತ್ತಿರ ಇದ್ದರು, ಅಷ್ಟೇ ವ್ಯತ್ಯಾಸ.

ನಮ್ಮದು 2022ರ ಮಳೆಗಾಲದಲ್ಲಿ ಶುರುವಾಯಿತು. ತಮ್ಮನಿಗೆ 21. ಓದು ಬಿಟ್ಟು ಊರಿಗೆ ಬಂದವನು ಒಂದು ದಿನ ಮೊಬೈಲನ್ನು ಆಫ್ ಮಾಡಿ ಅಕ್ಕಿ ಡಬ್ಬಿಯೊಳಗೆ ಹೂತಿಟ್ಟ. ಯಾರೋ ತನ್ನ ಬಗ್ಗೆಯೇ ಮಾತಾಡುತ್ತಾರೆ, ತೋಟದ ಕಡೆಯಿಂದ ಕೇಳುತ್ತದೆ ಅಂದ. ಆಮೇಲೆ ಅಮ್ಮ ಬಡಿಸಿದ್ದನ್ನು ಮುಟ್ಟುವುದು ಬಿಟ್ಟ. ತಾನೇ ಸುಲಿದು ಒಡೆದ ತೆಂಗಿನಕಾಯಿ, ತಾನೇ ಕೊಯ್ದ ಬಾಳೆಹಣ್ಣು, ಇಷ್ಟೇ. ಒಂದು ರಾತ್ರಿ ಅಮ್ಮ ಮೊಟ್ಟೆ ಬೇಯಿಸಿ ಸಿಪ್ಪೆ ಸಮೇತ ತಟ್ಟೆಯಲ್ಲಿಟ್ಟಳು. ಬಲ್ಬಿನ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ, ಎಲ್ಲೂ ಸೂಜಿ ಚುಚ್ಚಿದ ಗುರುತಿಲ್ಲ ಅಂತ ಖಾತ್ರಿ ಮಾಡಿಕೊಂಡು ತಿಂದ. ಅಲ್ಲಿಂದ ಆರು ವಾರ ನಮ್ಮನೆಯಲ್ಲಿ ದಿನಾ ಮೊಟ್ಟೆ. ಶ್ರಾವಣ ಅನ್ನೋದೂ ಇಲ್ಲ, ಶನಿವಾರ ಅನ್ನೋದೂ ಇಲ್ಲ. ಅಮ್ಮ ಯಾವ ಡಾಕ್ಟರನ್ನೂ ಕೇಳಿ ಇದನ್ನು ಕಂಡುಹಿಡಿದವಳಲ್ಲ.

"ಗಾಳಿ ಸೋಕಿದೆ" ಅಂದರು ಊರವರು. ಗಾಳಿ ಬಿಡಿಸುವವರೊಬ್ಬರಿಗೆ ತೋರಿಸಿದೆವು, ಸುಳ್ಳು ಯಾಕೆ ಹೇಳಲಿ. ಪೇಟೆಯಲ್ಲಿ ಇದನ್ನು ಹೇಳಿದರೆ ಮೂಢನಂಬಿಕೆ ಅಂತ ತಲೆ ಅಲ್ಲಾಡಿಸುತ್ತಾರೆ. ಆದರೆ ಆ ಮನುಷ್ಯ ತನ್ನದೇ ಬೈಕಿನಲ್ಲಿ, ಮಳೆಯಲ್ಲಿ, ಮನೆಗೇ ಬಂದರು. ಜಗಲಿಯಲ್ಲಿ ಕೂತು ಎರಡು ಗಂಟೆ ತಮ್ಮನ ಮಾತು ಕೇಳಿದರು. ನಮ್ಮ ಯಾರ ಹತ್ತಿರವೂ ಬಾಯಿ ಬಿಡದವನು ಅವರ ಹತ್ತಿರ ಬಿಟ್ಟ. ಅವರು ಮಂತ್ರಿಸಿ ಕೊಟ್ಟ ಯಂತ್ರದಿಂದ ಏನೂ ಆಗಲಿಲ್ಲ, ಅದು ಬೇರೆ ಮಾತು.

ಆಸ್ಪತ್ರೆ ಅಂದರೆ ನಮಗೆ ಬಾಳೆಹೊನ್ನೂರಿಗೆ ಬಂದು, ಖಾಂಡ್ಯ, ಆಲ್ದೂರು ದಾಟಿ ಚಿಕ್ಕಮಗಳೂರು. ಮೊದಲಾದರೆ ಬೆಳಿಗ್ಗೆ ನಮ್ಮ ದಾರಿಗೆ ಸಹಕಾರ ಸಾರಿಗೆ ಬರುತ್ತಿತ್ತು. ಕಾರ್ಮಿಕರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಂಸ್ಥೆ, ನಷ್ಟ ತಡೆಯಲಾಗದೆ 2020ರಲ್ಲಿ ನಿಂತಿತು. ಈಗ ಹೆಂಗಸರಿಗೆ ಬಸ್ಸು ಫ್ರೀ ಅಂತಾರೆ. ಫ್ರೀ ಆಗಬೇಕಾದರೆ ಮೊದಲು ಸರ್ಕಾರಿ ಬಸ್ಸು ಬರಬೇಕಲ್ಲ ಮಾರಾಯ್ರೆ.

ಮನೋಚೈತನ್ಯ ಅಂತ ಒಂದು ಯೋಜನೆ ಇದೆ, 2014ರಿಂದ. ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬರುತ್ತಾರೆ. ಒಳ್ಳೆಯ ಯೋಜನೆ, ವ್ಯಂಗ್ಯ ಮಾಡುತ್ತಿಲ್ಲ. ನಾವು ಹೋದ ಮೊದಲ ಮಂಗಳವಾರ ಡಾಕ್ಟರು ಬೇರೆಲ್ಲೋ ಮೀಟಿಂಗಿನಲ್ಲಿದ್ದರು. ಎರಡನೆಯ ಸಲ ರಸ್ತೆಗೆ ಮರ ಬಿದ್ದಿತ್ತು. ಮೂರನೆಯ ಸಲ ತಮ್ಮನೇ ಜೀಪು ಹತ್ತಲಿಲ್ಲ. ನನ್ನನ್ನು ಕೊಲ್ಲಲು ಕರೆದೊಯ್ಯುತ್ತಿದ್ದಾರೆ ಅಂತ ನಂಬಿದವನನ್ನು ಒಂದು ಸಲ ಒಪ್ಪಿಸಲು ಹದಿನೈದು ದಿನ ಬೇಕು. ಒಪ್ಪಿಸಿ ಕರೆದೊಯ್ದು ಖಾಲಿ ಕೈಯಲ್ಲಿ ವಾಪಸ್ ತಂದರೆ ಮುಂದಿನ ಸಲಕ್ಕೆ ತಿಂಗಳು. ಹತ್ತು ತಿಂಗಳು ಹೀಗೆ ಆಯಿತು. ಕೊನೆಗೆ ಏಪ್ರಿಲ್‌ನಲ್ಲಿ, ಮಾವ ಜೊತೆಗೆ ಕೂತು, ಬಾಡಿಗೆ ಜೀಪಿನಲ್ಲಿ ಚಿಕ್ಕಮಗಳೂರಿಗೇ ಹೋದೆವು.

ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಂಬಿಸುವ ಈ ಕಾಯಿಲೆಗೆ ಸೈಕೋಸಿಸ್ ಅನ್ನುತ್ತಾರೆ. ಇದರಲ್ಲಿ ಶುರುವಿನ ದಿನಗಳು ದುಬಾರಿ ಅಂತ ಅಲ್ಲೇ ಗೊತ್ತಾಗಿದ್ದು. ಮಾತ್ರೆ ತಡವಾದಷ್ಟೂ ಗುಣ ನಿಧಾನ, ಓದಿಗೆ ಕೆಲಸಕ್ಕೆ ಮರಳುವುದು ಕಷ್ಟ. ಅದೂ ಬರುವುದು ಹೆಚ್ಚಾಗಿ ಹದಿನೈದು-ಮೂವತ್ತರ ನಡುವಿನ ವಯಸ್ಸಿಗೆ. ಇಂಗ್ಲೆಂಡಿನಲ್ಲಿ 2016ರಲ್ಲಿ ಒಂದು ಗುರಿ ಇಟ್ಟುಕೊಂಡರು: ಮೊದಲ ಸಲ ಸೈಕೋಸಿಸ್ ಆದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ, ಆಸ್ಪತ್ರೆಗೆ ಕಳಿಸಿದ ಎರಡು ವಾರದೊಳಗೆ ಚಿಕಿತ್ಸೆ ಶುರುವಾಗಬೇಕು. ಓದಿ ನಗು ಬಂತು. ಆದರೆ ಅಷ್ಟು ದೂರ ಯಾಕೆ, ಕೊಪ್ಪದ ಪಕ್ಕದ ತೀರ್ಥಹಳ್ಳಿಯಲ್ಲೇ ಬೆಂಗಳೂರಿನ ಮಾನಸಿಕ ಆಸ್ಪತ್ರೆ ನಿಮ್ಹಾನ್ಸ್‌ನವರು 2005ರಿಂದ ಇಂಥ ಕಾಯಿಲೆಯವರನ್ನು ತಾಲ್ಲೂಕಿನೊಳಗೇ ಹುಡುಕಿ, ಅಲ್ಲೇ ಔಷಧಿ ಕೊಟ್ಟು, ವರ್ಷಗಟ್ಟಲೆ ನೋಡಿಕೊಂಡರು. ಅದನ್ನು ಓದಿದಾಗ ನಗು ಬರಲಿಲ್ಲ. ತಾಲ್ಲೂಕಿನ ಗಡಿಯಲ್ಲಿ ಒಂದು ಬೋರ್ಡು ಬಿಟ್ಟರೆ ಬೇರೇನೂ ಇಲ್ಲ. ಆಚೆಯೂ ಅದೇ ಅಡಿಕೆ, ಅದೇ ಮಳೆ.

ತಮ್ಮನಿಗೆ ರಿಸ್ಪೆರಿಡೋನ್ ಅನ್ನುವ ಮಾತ್ರೆ ಬರೆದರು. ಐದನೇ ವಾರಕ್ಕೆ ಅಮ್ಮ ಬಡಿಸಿದ ಗಂಜಿ ಉಂಡ. ಆದರೆ ಕೈ ಬಿಗಿಯಾಯಿತು, ಲೋಟ ಹಿಡಿದರೆ ಕಾಫಿ ತುಳುಕುತ್ತಿತ್ತು. ಹೆದರಿ ಮಾತ್ರೆ ನಿಲ್ಲಿಸುವವರಿದ್ದೆವು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿದೆ. ಕನ್ನಡದಲ್ಲೇ ಸಮಾಧಾನವಾಗಿ ಮಾತಾಡಿದರು: ನೀವಾಗಿ ನಿಲ್ಲಿಸಬೇಡಿ, ಕೈ ಬಿಗಿತಕ್ಕೂ ಮಾತ್ರೆ ಇದೆ, ಡಾಕ್ಟರಿಗೆ ತೋರಿಸಿ. ಬರೆಸಿಕೊಂಡು ಬಂದರೆ ಇಲ್ಲಿನ ಮೆಡಿಕಲ್‌ನವನು, "ಇದು ಹೋಗೋ ಮಾಲಲ್ಲ ಅಕ್ಕಾ, ಆರ್ಡರ್ ಹಾಕಿ ತರಿಸ್ಬೇಕು" ಅಂದ. ಈಗ ನಾಲ್ಕು ಮನೆಯವರು ಸೇರಿ ಒಟ್ಟಿಗೆ ತರಿಸುತ್ತೇವೆ. ನಮ್ಮೊಂದು ಊರಿನ ಸುತ್ತ ಇಂಥ ನಾಲ್ಕು ಮನೆ ಇದ್ದವು ಅಂತ ಆ ಅಂಗಡಿಯವನಿಂದ ಗೊತ್ತಾಯಿತು ನಮಗೆ.

ನಾಳೆ ಮಂಗಳವಾರ. ಸ್ಟ್ರಿಪ್ಪಿನಲ್ಲಿ ಮೂರು ಮಾತ್ರೆ ಉಳಿದಿದೆ. ಡಾಕ್ಟರು ಬರುತ್ತಾರಾ ಅಂತ ಆಸ್ಪತ್ರೆಯ ಸಿಸ್ಟರನ್ನು ಇವತ್ತೇ ಕೇಳಬೇಕು. ಸಿಗ್ನಲ್ ಸಿಗುವುದು ಅಡಿಕೆ ಕಣದಾಚೆಯ ತಿರುವಿನಲ್ಲಿ ಮಾತ್ರ. ಟಾರ್ಚ್ ಹಿಡಿದು ತಮ್ಮ ಆಗಲೇ ಅಂಗಳಕ್ಕೆ ಇಳಿದಿದ್ದಾನೆ, "ಬಾ ಅಕ್ಕ, ಮಳೆ ಬರೋದ್ರೊಳಗೆ" ಅಂತ ಕೂಗುತ್ತಿದ್ದಾನೆ.