ಒಂದೇ 7, ಎರಡು ಬೇರೆ ಇಂಗ್ಲಿಷ್

ಕೆಲವು ತಿಂಗಳ ಹಿಂದೆ ನನಗೆ ಪರಿಚಯವಿರುವ ಇಬ್ಬರು ವಿದ್ಯಾರ್ಥಿಗಳು ತಮ್ಮ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಯ ಅಂಕಪಟ್ಟಿಗಳನ್ನು ತೋರಿಸಿ, ಇವುಗಳನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೆಂದು ಕೇಳಿದರು. ಇಬ್ಬರಿಗೂ ಬಂದದ್ದು ಒಟ್ಟು ಬ್ಯಾಂಡ್ (9ರವರೆಗಿನ ಅಂಕಮಟ್ಟ) 7. ಮೊದಲನೆಯವಳಿಗೆ ನಾಲ್ಕು ವಿಭಾಗಗಳಲ್ಲೂ ತಲಾ 7 ಇತ್ತು; ಎರಡನೆಯವನಿಗೆ ಆಲಿಸುವುದರಲ್ಲಿ 8, ಓದಿನಲ್ಲಿ 7.5, ಮಾತಿನಲ್ಲಿ 6, ಬರವಣಿಗೆಯಲ್ಲಿ 5.5. ಇವುಗಳ ಸರಾಸರಿ 6.75 ಆಗುತ್ತದೆ. ಸರಾಸರಿ .25ರಲ್ಲಿ ನಿಂತರೆ ಮುಂದಿನ ಅರ್ಧಕ್ಕೂ .75ರಲ್ಲಿ ನಿಂತರೆ ಮುಂದಿನ ಪೂರ್ಣ ಸಂಖ್ಯೆಗೂ ಏರಿಸುವುದು ಈ ಪರೀಕ್ಷೆಯ ನಿಯಮವಾದ್ದರಿಂದ ಅವನ ಪಟ್ಟಿಯ ಮೇಲೂ 7 ಎಂದೇ ಅಚ್ಚಾಗಿತ್ತು. ಆದರೆ ಅವನು ಸೇರಬೇಕೆಂದಿದ್ದ ಕೋರ್ಸಿಗೆ ಯಾವ ವಿಭಾಗದಲ್ಲೂ 6.5ಕ್ಕಿಂತ ಕಡಿಮೆ ಇರಬಾರದೆಂಬ ಷರತ್ತಿತ್ತು. ಒಟ್ಟು ಅಂಕವನ್ನು ನೋಡಿ ಮನೆಯವರೆಲ್ಲ ಸಂತೋಷಪಟ್ಟ ಮೇಲೆ ಈ ಸಂಗತಿ ತಿಳಿದದ್ದು ನನಗೆ ಬಹಳ ಬೇಸರ ತಂದಿತು.

ಅಂಕಪಟ್ಟಿಯನ್ನು ಬಿಡಿ ಅಂಕಗಳಿಂದ ಆರಂಭಿಸಿ ಓದಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ಆಲಿಸುವ ಮತ್ತು ಓದುವ ವಿಭಾಗಗಳಲ್ಲಿ ತಲಾ 40 ಪ್ರಶ್ನೆಗಳಿದ್ದು, ಸರಿಯುತ್ತರಗಳ ಎಣಿಕೆಯೇ ಬ್ಯಾಂಡ್ ಆಗಿ ಬದಲಾಗುತ್ತದೆ. ಆಲಿಸುವ ವಿಭಾಗದಲ್ಲಿ ಸುಮಾರು 30 ಉತ್ತರಗಳು ಸರಿಯಾದರೆ 7 ಬರುತ್ತದೆ. ಬರವಣಿಗೆಯನ್ನೂ ಮಾತನ್ನೂ ಹೀಗೆ ಎಣಿಸಲಾಗುವುದಿಲ್ಲ. ಬರವಣಿಗೆಗೆ ನಾಲ್ಕು ಮಾನದಂಡಗಳಿವೆ: ಕೇಳಿದ ಪ್ರಶ್ನೆಗೆ ಎಷ್ಟು ಪೂರ್ಣವಾಗಿ ಉತ್ತರಿಸಲಾಗಿದೆ, ವಿಚಾರಗಳು ಒಂದಕ್ಕೊಂದು ಹೇಗೆ ಹೊಂದಿಕೊಂಡಿವೆ, ಪದಸಂಪತ್ತು ಎಂಥದು, ವ್ಯಾಕರಣದ ವೈವಿಧ್ಯವೂ ಖಚಿತತೆಯೂ ಎಷ್ಟು. ಇವುಗಳಲ್ಲಿ ವ್ಯಾಕರಣವೊಂದನ್ನೇ ನೋಡಿದರೂ 6ಕ್ಕೂ 7ಕ್ಕೂ ಇರುವ ಅಂತರ ತಿಳಿಯುತ್ತದೆ. 6ರ ಮಟ್ಟದಲ್ಲಿ ಸರಳ ವಾಕ್ಯಗಳೂ ಸಂಕೀರ್ಣ ವಾಕ್ಯಗಳೂ ಬೆರೆತು ಬರುತ್ತವೆ, ತಪ್ಪುಗಳಿದ್ದರೂ ಅರ್ಥಕ್ಕೆ ಹೆಚ್ಚು ತೊಂದರೆಯಾಗುವುದಿಲ್ಲ. 7ಕ್ಕೆ ಏರಬೇಕಾದರೆ ತಪ್ಪಿಲ್ಲದ ವಾಕ್ಯಗಳು ಮತ್ತೆ ಮತ್ತೆ ಸಿಗಬೇಕು. ಬರವಣಿಗೆಯ ವಿಭಾಗದಲ್ಲಿ ಬರೆಯಬೇಕಾದ ಎರಡು ಬರಹಗಳ ಪೈಕಿ ಎರಡನೆಯದಕ್ಕೆ ಮೊದಲನೆಯದರ ಎರಡರಷ್ಟು ತೂಕವಿದೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಬಹಳ ಮಂದಿ ಮೊದಲ ಬರಹವನ್ನು ತಿದ್ದುತ್ತ ಕುಳಿತು ಎರಡನೆಯದಕ್ಕೆ ಸಮಯವಿಲ್ಲದಂತೆ ಮಾಡಿಕೊಳ್ಳುತ್ತಾರೆ.

ಈ ಅಂಕಗಳ ಪಕ್ಕದಲ್ಲಿ ಬಿ2, ಸಿ1 ಎಂಬ ಗುರುತುಗಳನ್ನೂ ಕಾಣುತ್ತೇವೆ. ಇವು ಯೂರೋಪ್ ಮಂಡಳಿಯು 2001ರಲ್ಲಿ ಪ್ರಕಟಿಸಿದ, ಸಿಇಎಫ್‌ಆರ್ ಎಂದು ಕರೆಯಲಾಗುವ ಭಾಷಾ ಚೌಕಟ್ಟಿನವು. ಎ1ರಿಂದ ಸಿ2ರವರೆಗೆ ಆರು ಮಟ್ಟಗಳಿರುವ ಈ ಚೌಕಟ್ಟು ಪರೀಕ್ಷೆಯಲ್ಲ, ಇಂಗ್ಲಿಷಿಗೆ ಮಾತ್ರ ಸೇರಿದ್ದೂ ಅಲ್ಲ. ಪ್ರತಿ ಮಟ್ಟವನ್ನೂ ಅದು ಕಲಿಯುವವನು ಏನು ಮಾಡಬಲ್ಲ ಎಂಬ ಮಾತಿನಲ್ಲಿ ವಿವರಿಸುತ್ತದೆ, ಮತ್ತು ನನಗೆ ಅದು ಮೆಚ್ಚುಗೆಯಾಗುವುದೂ ಈ ಕಾರಣಕ್ಕೆ. ಬಿ1ರಲ್ಲಿರುವವರು ಪರಿಚಿತ ವಿಷಯಗಳಲ್ಲಿ ತಮ್ಮ ಅನುಭವವನ್ನು ಹೇಳಿಕೊಳ್ಳಬಲ್ಲರು. ಬಿ2ರಲ್ಲಿರುವವರು ಕ್ಲಿಷ್ಟವಾದ ಬರಹದ ಮುಖ್ಯ ವಿಚಾರವನ್ನು ಹಿಡಿಯಬಲ್ಲರು, ಆ ಭಾಷೆಯನ್ನಾಡುವವರೊಡನೆ ಹೆಚ್ಚು ಪ್ರಯಾಸವಿಲ್ಲದೆ ಮಾತನಾಡಬಲ್ಲರು. ಸಿ1ಕ್ಕೆ ಬಂದವರು ನೇರವಾಗಿ ಹೇಳದೆ ಬಿಟ್ಟ ಅರ್ಥವನ್ನೂ ಗ್ರಹಿಸುತ್ತಾರೆ. ಸಿ2 ಎಂದರೆ ಹುಟ್ಟಿನಿಂದ ಆ ಭಾಷೆಯನ್ನಾಡುವವರಂತಾಗುವುದು ಎಂದು ಹಲವರು ತಿಳಿದಿದ್ದಾರೆ. ಅದು ತನ್ನ ಉದ್ದೇಶವಲ್ಲವೆಂದು ಆ ಚೌಕಟ್ಟೇ ಸ್ಪಷ್ಟಪಡಿಸಿದೆ.

ಸ್ಥೂಲವಾಗಿ ಐಇಎಲ್‌ಟಿಎಸ್‌ನ 4ರಿಂದ 5 ಬಿ1ಕ್ಕೂ, 5.5ರಿಂದ 6.5 ಬಿ2ಕ್ಕೂ, 7ರಿಂದ 8 ಸಿ1ಕ್ಕೂ, ಅದರ ಮೇಲಿನದು ಸಿ2ಕ್ಕೂ ಹೊಂದುತ್ತದೆ. ಹಾಗಾದರೆ ಆ ಎರಡನೆಯ ವಿದ್ಯಾರ್ಥಿಯ ಮಟ್ಟ ಯಾವುದು? ಕಿವಿಯೂ ಕಣ್ಣೂ ಸಿ1ರಲ್ಲಿವೆ, ಲೇಖನಿ ಬಿ2ರ ಹೊಸ್ತಿಲಲ್ಲಿದೆ. ಒಂದೇ ಅಕ್ಷರದಲ್ಲಿ ಅವನನ್ನು ಹಿಡಿದಿಡಲಾಗುವುದಿಲ್ಲ.

ಮಟ್ಟದಿಂದ ಮಟ್ಟಕ್ಕೆ ಇರುವ ದೂರವೂ ಸಮವಲ್ಲ. ಇಂಗ್ಲಿಷ್ ಪರೀಕ್ಷೆಗಳನ್ನು ನಡೆಸುವ ಕೇಂಬ್ರಿಜ್ ಸಂಸ್ಥೆಯ ಅಂದಾಜಿನಂತೆ ಎ2ಕ್ಕೆ ಸುಮಾರು 180ರಿಂದ 200 ಗಂಟೆಗಳ ಕಲಿಕೆ ಬೇಕಾದರೆ ಬಿ2ಕ್ಕೆ 500ರಿಂದ 600, ಸಿ2ಕ್ಕೆ 1000ದಿಂದ 1200 ಗಂಟೆಗಳು ಬೇಕು. ಬಿ2ರಲ್ಲಿ ವರ್ಷಗಟ್ಟಲೆ ನಿಂತುಬಿಟ್ಟೆವೆಂದು ಕೊರಗುವವರಿಗೆ ಈ ಲೆಕ್ಕವನ್ನು ನಾನು ತಪ್ಪದೆ ತೋರಿಸುತ್ತೇನೆ.

ಬೇರೆ ಪರೀಕ್ಷೆಗಳ ಅಳತೆಗೋಲುಗಳು ಬೇರೆ. ಪಿಟಿಇ ಅಕಾಡೆಮಿಕ್ 10ರಿಂದ 90ರವರೆಗೆ ಅಳೆಯುತ್ತದೆ. ಬಹುಕಾಲ 0ಯಿಂದ 120ರವರೆಗೆ ಅಂಕ ಕೊಡುತ್ತಿದ್ದ ಟೋಫೆಲ್ 2026ರ ಜನವರಿಯಿಂದ 1ರಿಂದ 6ರ ಅಳತೆಗೆ ಬಂದಿದೆ. ಒಂದರ ಅಂಕವನ್ನು ಇನ್ನೊಂದಕ್ಕೆ ಪರಿವರ್ತಿಸುವ ಕೋಷ್ಟಕಗಳು ಅಂದಾಜಿಗೆ ಸಾಕಾಗುತ್ತವೆಯೇ ಹೊರತು, ಅರ್ಜಿ ಹಾಕುವಾಗ ಆ ಸಂಸ್ಥೆಯೇ ಪ್ರಕಟಿಸಿದ ಅಂಕವನ್ನು ನೋಡಬೇಕು. ಯಾವ ಪರೀಕ್ಷೆಯ ಅಳತೆಯಲ್ಲೂ ಒಂದಿಷ್ಟು ದೋಷವಿರುತ್ತದೆ. ಅದೇ ವ್ಯಕ್ತಿ ಮುಂದಿನ ವಾರ ಮತ್ತೆ ಬರೆದರೆ ಅರ್ಧ ಬ್ಯಾಂಡ್ ಅತ್ತಿತ್ತ ಆಗಬಹುದು. ಭಾಷೆ ಬಳಕೆಯಿಂದ ಬೆಳೆಯುತ್ತದೆ, ಬಳಸದಿದ್ದರೆ ತುಕ್ಕು ಹಿಡಿಯುತ್ತದೆ. ಐಇಎಲ್‌ಟಿಎಸ್, ಟೋಫೆಲ್ ಫಲಿತಾಂಶಗಳನ್ನು ಸಾಮಾನ್ಯವಾಗಿ ಎರಡು ವರ್ಷ ಮಾತ್ರ ಒಪ್ಪಿಕೊಳ್ಳುವುದರ ಹಿಂದೆ ಈ ತಿಳಿವಳಿಕೆಯಿದೆ.

ಆ ವಿದ್ಯಾರ್ಥಿಯೊಡನೆ ಕುಳಿತು ಅವನ ಅಭ್ಯಾಸದ ಪ್ರಬಂಧಗಳನ್ನು ಮಾನದಂಡಗಳ ಪಕ್ಕದಲ್ಲಿಟ್ಟು ಓದಿದೆ. ತಿಂಗಳುಗಟ್ಟಲೆ ಅವನು ಕಠಿಣ ಪದಗಳನ್ನು ಬಾಯಿಪಾಠ ಮಾಡಿದ್ದ, ಆದರೆ ಅವನ ಪದಗಳಲ್ಲಿ ಅಂಥ ಕೊರತೆ ಇರಲೇ ಇಲ್ಲ. ಒಂದು ಪ್ಯಾರಾದಲ್ಲಿ ಎತ್ತಿದ ವಾದ ಅದೇ ಪ್ಯಾರಾದಲ್ಲಿ ಮುಗಿಯದೆ ಬೇರೆಡೆಗೆ ಹರಿದುಹೋಗುತ್ತಿತ್ತು. ಈಗ ಅವನು ದಿನಕ್ಕೊಂದು 250 ಪದಗಳ ಪ್ರಬಂಧ ಬರೆದು, ಪ್ರತಿ ಪ್ಯಾರಾ ಹೇಳುವ ಒಂದು ಮಾತನ್ನು ಅಂಚಿನಲ್ಲಿ ಗುರುತು ಹಾಕಿ ನನಗೆ ಕಳುಹಿಸುತ್ತಾನೆ. ನಿನ್ನೆ ಬಂದದ್ದರಲ್ಲಿ ನಾಲ್ಕು ಪ್ಯಾರಾಗಳಿದ್ದವು, ಅಂಚಿನಲ್ಲಿ ನಾಲ್ಕೇ ಮಾತುಗಳಿದ್ದವು.