ಮೂರು ಗಂಟೆಯ ಲೆಕ್ಕ

ಆಗುಂಬೆಯ ಮಳೆಕಾಡು ಸಂಶೋಧನಾ ಕೇಂದ್ರಕ್ಕೆ ಒಂದು ಮಳೆಗಾಲ ಸ್ವಯಂಸೇವಕಿಯಾಗಿ ಹೋಗಿದ್ದೆ. ನನ್ನ ಪಾಲಿಗೆ ಬಂದ ಕೆಲಸ, ಒಂದು ಎಲೆರಾಶಿಯನ್ನು ನೋಡಿಕೊಳ್ಳುವುದು. ನೋಡಿದರೆ ಯಾರೋ ತೋಟ ಗುಡಿಸಿ ಒಟ್ಟಿದ ದರಗಿನ ಗುಪ್ಪೆಯ ಹಾಗಿತ್ತು. ಅದರೊಳಗೆ ಕಾಳಿಂಗದ ಮೊಟ್ಟೆಗಳಿದ್ದವು.

ಹಾವುಗಳಲ್ಲಿ ಹೀಗೆ ಎಲೆ ಒಟ್ಟಿ ಗೂಡು ಕಟ್ಟುವುದು ಕಾಳಿಂಗ ಮಾತ್ರ. ಕೈಯಿಲ್ಲ, ಕಾಲಿಲ್ಲ. ಮೈಯನ್ನೇ ಬಾಗಿಸಿ ಎಲೆಗಳನ್ನು ಎಳೆದೆಳೆದು ತಂದು ಒತ್ತಿ ಕೂರಿಸುತ್ತದೆ. ಮೊಟ್ಟೆ ಇಟ್ಟ ಮೇಲೆ ಸ್ವಲ್ಪ ದಿನ ಕಾವಲಿದ್ದು, ಮರಿಗಳು ಹೊರಬರುವ ಮೊದಲೇ ಹೊರಟುಬಿಡುತ್ತದೆ. ನಾನು ಹೋಗುವಷ್ಟರಲ್ಲಿ ಈ ತಾಯಿಯೂ ಹೋಗಿಯಾಗಿತ್ತು.

ದಿನಕ್ಕೆ ಮೂರು ಸಲ ಹೋಗಬೇಕು. ಗೂಡಿನೊಳಗೆ ಇಳಿಬಿಟ್ಟ ತಂತಿಯ ಮೀಟರ್ ನೋಡಿ ಒಳಗಿನ ಬಿಸಿ, ತೇವ ಎಷ್ಟು, ಹೊರಗೆ ಎಷ್ಟು ಅಂತ ಬರೆದುಕೊಳ್ಳಬೇಕು. ಅಷ್ಟೇ. ಕಾಡಿನ ಕೆಲಸ ಅಂದರೆ ಜಾಸ್ತಿ ಪಾಲು ಇದೇ ಅಂತ ಎರಡೇ ದಿನದಲ್ಲಿ ಗೊತ್ತಾಯಿತು.

ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ಅದು. ಒಂದು ಮಧ್ಯಾಹ್ನ ಹಳ್ಳ ತುಂಬಿ ಬಂತು. ಆಚೆ ದಡದಲ್ಲಿ ಗೂಡು, ಈಚೆ ದಡದಲ್ಲಿ ನಾನು. ಇಂಬಳಗಳು ಕಾಲುಚೀಲ ಹತ್ತುತ್ತಿದ್ದವು. ನಾಲ್ಕೂವರೆವರೆಗೆ ಕಾದು, ವಾಪಸ್ ಬಂದೆ. ಪುಸ್ತಕ ತೆರೆದೆ. ಹಿಂದಿನ ದಿನ ಮೂರು ಗಂಟೆಗೆ ಗೂಡಿನೊಳಗಿನ ಬಿಸಿ 27 ಡಿಗ್ರಿ ಇತ್ತು. ಇವತ್ತೂ ಅಷ್ಟೇ ಇರುತ್ತದೆ ಅಂದುಕೊಂಡು 27 ಅಂತ ಬರೆದುಬಿಟ್ಟೆ.

ರಾತ್ರಿ ಅಕ್ಕ, ಅಂದರೆ ಅಲ್ಲಿನ ಹಿರಿಯ ಸಂಶೋಧಕಿ, ಪುಸ್ತಕ ನೋಡುತ್ತಾ ಕೇಳಿದರು.

"ಹಳ್ಳ ಹೇಗೆ ದಾಟಿದೆ?"

ನನ್ನ ಬಾಯಿಂದ ಮಾತೇ ಬರಲಿಲ್ಲ.

"ದಾಟ್ಲಿಲ್ಲ ಅಲ್ವಾ? ಹಾಗಾದ್ರೆ ಅದನ್ನ ಹೊಡೆದುಹಾಕು. ಅಲ್ಲೊಂದು ಗೆರೆ ಎಳಿ. ಹಳ್ಳ ಬಂದಿತ್ತು, ಓದೋಕೆ ಆಗಲಿಲ್ಲ ಅಂತ ಬರಿ."

ಬೈಯಲಿಲ್ಲ. ಪೆನ್ನು ನನ್ನ ಕಡೆ ಸರಿಸಿದರು. ಇಷ್ಟು ಮಳೆಯಲ್ಲಿ ಗೂಡಿನೊಳಗೆ ಏನಾಗುತ್ತದೆ ಅಂತ ತಿಳಿಯುವುದಕ್ಕೇ ನಾವು ಇಲ್ಲಿರುವುದು, ಅದನ್ನೇ ಊಹೆ ಮಾಡಿ ತುಂಬಿದರೆ ಹೇಗೆ ಅಂದರು.

ಹಾವುಗಳ ತಜ್ಞ ರೊಮುಲಸ್ ವಿಟೇಕರ್ ಈ ಕೇಂದ್ರ ಶುರುಮಾಡಿದ್ದು 2005ರಲ್ಲಿ. 2008ರಿಂದ ಕಾಳಿಂಗಗಳಿಗೆ ರೇಡಿಯೋ ಟ್ರಾನ್ಸ್‌ಮಿಟರ್ ಅಳವಡಿಸಿ, ಅವುಗಳ ಹಿಂದೆ ನಡೆದವರ ಪುಸ್ತಕಗಳನ್ನು ಆ ರಾತ್ರಿ ನೆನೆಸಿಕೊಂಡೆ. ಹಾವು ಕಾಣದ ದಿನ ಅವರೂ ಗೆರೆ ಎಳೆದಿರಬೇಕು. 2024ರಲ್ಲಿ ಪಶ್ಚಿಮ ಘಟ್ಟದ ಕಾಳಿಂಗ ಬೇರೆಯೇ ಪ್ರಭೇದ ಅಂತ ವಿಜ್ಞಾನಿಗಳು ಗುರುತಿಸಿ, ಅದಕ್ಕೆ ಓಫಿಯೋಫೇಗಸ್ ಕಾಳಿಂಗ ಅಂತ ನಮ್ಮದೇ ಮಾತಿನ ಹೆಸರಿಟ್ಟಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಮರಿಗಳೆಲ್ಲ ಹೊರಬಂದು, ಅವನ್ನು ಕಾಡಿಗೆ ಬಿಟ್ಟ ಮೇಲೆ ಗೂಡು ಬಿಚ್ಚಿದೆವು. ಮೇಲಿನ ಎಲೆಗಳು ಕೊಳೆತು, ಹಿಂಡಿದರೆ ನೀರು ಇಳಿಯುವ ಹಾಗಿದ್ದವು. ಒಂದು ಗೇಣು ಕೆಳಗೆ ಹೋದಾಗ ಕೈಗೆ ನೀರು ಹತ್ತಲಿಲ್ಲ. ಅಷ್ಟು ದಿನ ಸುರಿದ ಮಳೆ ಅಲ್ಲಿಗೆ ಇಳಿದಿರಲೇ ಇಲ್ಲ. ಎಲೆಗಳ ಮಧ್ಯೆ ಚರ್ಮದಂಥ ಬಿಳಿ ಸಿಪ್ಪೆಗಳು, ಒಂದೊಂದರಲ್ಲೂ ಬ್ಲೇಡಿನಿಂದ ಕೊಯ್ದ ಹಾಗೆ ಸಣ್ಣ ಸೀಳು. ಅಕ್ಕ ಎಣಿಸುತ್ತಾ ಹೋದರು, ನಾನು ಬರೆದುಕೊಳ್ಳುತ್ತಾ ಹೋದೆ. ಒಡೆದದ್ದು 22. ಒಡೆಯದೇ ಉಳಿದದ್ದು 3.