ಏಪ್ರಿಲ್ ಚಳಿಯಲ್ಲಿ ಬೇಸ್‌ಬಾಲ್ ನೋಡೋಕೆ ಯಾಕೆ ಹೋಗ್ತೀಯ?

ಶಿಕಾಗೊಗೆ ಬಂದ ಮೇಲೆ ನಾನು ಅತಿ ಹೆಚ್ಚು ಸಲ ಉತ್ತರ ಕೊಟ್ಟಿರುವ ಪ್ರಶ್ನೆ 'ವೀಸಾ ಏನಾಯ್ತು' ಅನ್ನೋದು. ಎರಡನೇ ಸ್ಥಾನ ಇದಕ್ಕೆ: "ಬೇಸ್‌ಬಾಲ್ ನೋಡ್ತೀಯ, ಸರಿ. ಆದ್ರೆ ಏಪ್ರಿಲ್‌ನಲ್ಲೇ ಯಾಕೆ? ಜೂನ್ ಬರೋವರೆಗೆ ಕಾಯೋಕಾಗಲ್ವಾ?"

ಪ್ರತಿ ವರ್ಷ ಯುಗಾದಿ ಕಾರ್ಯಕ್ರಮದ ಊಟದ ಸಾಲಿನಲ್ಲಿ ಯಾರಾದರೊಬ್ಬರು ನನ್ನ ಒಡೆದ ತುಟಿ, ಕೆಂಪಗಾದ ಮೂಗು ನೋಡಿ ಇದನ್ನು ಕೇಳಿಯೇ ಕೇಳುತ್ತಾರೆ. ಮೈಸೂರಿನಿಂದ ಅಮ್ಮ ವಿಡಿಯೊ ಕಾಲ್‌ನಲ್ಲಿ ಕೇಳುವ ರೀತಿ ಬೇರೆ. "ಅಷ್ಟು ಚಳೀಲಿ ಚಿನ್ನಿದಾಂಡು ನೋಡೋಕೆ ದುಡ್ಡು ಬೇರೆ ಕೊಡ್ತಾರಾ?" ಕೊಡ್ತಾರೆ ಅಮ್ಮ. ಆದರೆ ಏಪ್ರಿಲ್‌ನ ಮಂಗಳವಾರ ಮಧ್ಯಾಹ್ನದ ಟಿಕೆಟ್‌ಗೆ ಕೊಡುವ ದುಡ್ಡು ಜುಲೈ ಶನಿವಾರಕ್ಕೆ ಕೊಡುವುದಕ್ಕಿಂತ ಎಷ್ಟೋ ಕಡಿಮೆ. ಅಮ್ಮನಿಗೆ ಹೇಳುವ ಉತ್ತರ ಅಷ್ಟೇ, ಅವರಿಗೆ ಅದು ಸಾಕು ಕೂಡ.

ಪ್ರಶ್ನೆ ಕೇಳುವವರದ್ದು ತಪ್ಪಿಲ್ಲ. ಐಪಿಎಲ್‌ನಲ್ಲಿ ಒಂದು ತಂಡ ಲೀಗ್ ಹಂತದಲ್ಲಿ 14 ಮ್ಯಾಚ್ ಆಡುತ್ತೆ, ಒಂದು ಸೋತರೂ ಮನೆಯಲ್ಲಿ ಊಟ ಸೇರಲ್ಲ. ಇಲ್ಲಿ ಒಂದು ತಂಡಕ್ಕೆ 162 ಮ್ಯಾಚ್. ಅದರಲ್ಲಿ 81 ತವರಿನಲ್ಲೇ. ಮಾರ್ಚ್ ಕೊನೆಗೆ ಶುರುವಾದದ್ದು ಸೆಪ್ಟೆಂಬರ್ ಕೊನೆಯವರೆಗೂ ಹೆಚ್ಚುಕಡಿಮೆ ದಿನಾ ನಡೆಯುತ್ತೆ. ಅಂಥಾದ್ದರಲ್ಲಿ ಏಪ್ರಿಲ್‌ನ ಒಂದು ಮ್ಯಾಚು ಸೋತರೆಷ್ಟು, ಗೆದ್ದರೆಷ್ಟು? ಅದಕ್ಕೋಸ್ಕರ ನಾಲ್ಕು ಡಿಗ್ರಿ ಚಳಿಯಲ್ಲಿ ಮೂರು ಗಂಟೆ ಕೂರೋದು ಬುದ್ಧಿ ಇರುವವರು ಮಾಡುವ ಕೆಲಸ ಅಲ್ಲ ಅಂತ ಅವರ ಲೆಕ್ಕ.

ಮೊದಲು ಚಳಿ ವಿಷಯ ಹೇಳಿಬಿಡ್ತೀನಿ. ನಮ್ಮ ಶಿಕಾಗೊದ ಕಬ್ಸ್ ತಂಡ ಆಡುವ ರಿಗ್ಲಿ ಫೀಲ್ಡ್ ಮೈದಾನ ಇರುವುದು ಮಿಷಿಗನ್ ಸರೋವರದಿಂದ ಸುಮಾರು ಒಂದು ಮೈಲಿ ದೂರದಲ್ಲಿ. ಏಪ್ರಿಲ್‌ನಲ್ಲಿ ಊರೊಳಗೆ ಬಿಸಿಲು ಬಂದಿರುತ್ತೆ, ಜನ ಸ್ವೆಟರ್ ಬಿಚ್ಚಿರುತ್ತಾರೆ, ಆದರೆ ಸರೋವರದ ನೀರು ಇನ್ನೂ ಫ್ರಿಜ್ಜಿನ ನೀರಿನ ಹಾಗೇ ಇರುತ್ತೆ. ಗಾಳಿ ಆ ಕಡೆಯಿಂದ ಬೀಸಿತು ಅಂದರೆ ಮುಗೀತು. ಮೊದಲ ವರ್ಷ ನಾನು ಬೆಂಗಳೂರಿನಲ್ಲಿ ಡಿಸೆಂಬರ್‌ಗೆ ಹಾಕುತ್ತಿದ್ದ ಜಾಕೆಟ್ ಹಾಕಿಕೊಂಡು ಹೋಗಿದ್ದೆ. ಎರಡನೇ ಇನ್ನಿಂಗ್ಸ್‌ನಲ್ಲಿ (ಇಲ್ಲಿ ಮ್ಯಾಚಿಗೆ ಒಂಬತ್ತು ಇನ್ನಿಂಗ್ಸ್) ಮೊಬೈಲ್ ಚಳಿಗೆ ಸತ್ತಿತು, ನಾಲ್ಕನೇದರಲ್ಲಿ ನಾನು. ಹತ್ತಿರದ ಅಂಗಡಿಯಲ್ಲಿ ಟೋಪಿ, ಕೈಗವಸು ಕೊಂಡ ದುಡ್ಡಿಗೆ ಇನ್ನೂ ಎರಡು ಮ್ಯಾಚ್ ನೋಡಬಹುದಿತ್ತು.

ಒಂದು ಗುಟ್ಟು. ಚಳಿ ಬರೋದು ಮೇಲಿಂದ ಅಂತ ಎಲ್ಲರೂ ತಿಳಿದಿರ್ತಾರೆ. ಅಲ್ಲ, ಕೆಳಗಿಂದ. ಇಡೀ ಚಳಿಗಾಲ ನೆನೆದು ಹೆಪ್ಪುಗಟ್ಟಿದ ಕಾಂಕ್ರೀಟು ಅದು. ಎರಡು ಜೊತೆ ಸಾಕ್ಸ್ ಹಾಕಿದರೂ ಐದನೇ ಇನ್ನಿಂಗ್ಸ್ ಹೊತ್ತಿಗೆ ಕಾಲುಬೆರಳು ಇವೆಯೋ ಇಲ್ಲವೋ ಗೊತ್ತಾಗಲ್ಲ. ಒಂದು ರಟ್ಟಿನ ಡಬ್ಬ ಬಿಚ್ಚಿ ಕಾಲಡಿ ಹಾಕಿಕೊಂಡರೆ ಸಾಕು, ಲೋಕವೇ ಬೇರೆ. ಬ್ಲೀಚರ್ಸ್‌ನಲ್ಲಿ, ಅಂದರೆ ಚಾವಣಿ ಇಲ್ಲದ ಬೆಂಚುಗಳಲ್ಲಿ ಕೂತರೆ ಬಿಸಿಲಾದರೂ ಸಿಗುತ್ತೆ. ಚಾವಣಿ ಕೆಳಗಿನ ಹಿಂದಿನ ಸಾಲುಗಳು ಆಗಸ್ಟ್‌ನಲ್ಲಿ ಸ್ವರ್ಗ, ಏಪ್ರಿಲ್‌ನಲ್ಲಿ ಗುಹೆ.

ಇನ್ನು ನಿಜವಾದ ಉತ್ತರ. ಅದು 2018ರಿಂದ ಶುರುವಾಗುತ್ತೆ.

ಆ ವರ್ಷದ ಏಪ್ರಿಲ್ ನಮ್ಮೂರವರಿಗೆ ಇನ್ನೂ ನೆನಪಿದೆ. ತವರಿನ ಮೊದಲ ಮ್ಯಾಚೇ ಹಿಮ ಬಿದ್ದು ಒಂದು ದಿನ ಮುಂದಕ್ಕೆ ಹೋಯಿತು. ಅದೇ ವಾರ, ಏಪ್ರಿಲ್ 14, ಶನಿವಾರ, ಅಟ್ಲಾಂಟಾ ಬ್ರೇವ್ಸ್ ವಿರುದ್ಧದ ಮ್ಯಾಚಿಗೆ ನನ್ನ ಹತ್ತಿರ ಟಿಕೆಟ್ ಇತ್ತು. ಮೂರು ಡಿಗ್ರಿ ಇರಬೇಕು. ಮಳೆ ಮೇಲಿಂದ ಬೀಳ್ತಾ ಇರಲಿಲ್ಲ, ಪಕ್ಕದಿಂದ ಬರ್ತಾ ಇತ್ತು. ಕೊಡೆ ಬಿಚ್ಚಿದರೆ ಹಿಂದಿನವರಿಗೆ ಕಾಣಲ್ಲ ಅಂತ ಪ್ಲಾಸ್ಟಿಕ್ ಪೊಂಚೊ ಹಾಕಿಕೊಂಡು, ಅದರೊಳಗೆ ಕೈ ಬಗಲಲ್ಲಿಟ್ಟುಕೊಂಡು ಕೂತಿದ್ದೆ. ಬ್ರೇವ್ಸ್ ಹೊಡೆದರು, ಇನ್ನೂ ಹೊಡೆದರು. 10-2 ಆಯಿತು. ನಾನು ಎದ್ದೆ. ನಾನೊಬ್ಬಳೇ ಅಲ್ಲ, ನನ್ನ ಸಾಲಿಗೆ ಸಾಲೇ ಎದ್ದಿತು. ಆ್ಯಡಿಸನ್ ಸ್ಟೇಷನ್‌ನಲ್ಲಿ ರೆಡ್ ಲೈನ್ ರೈಲು ಹತ್ತಿ, ಹೀಟರ್ ಕೆಳಗಿನ ಸೀಟು ಹಿಡಿದು, ಬದುಕಿದೆ ಅಂದುಕೊಂಡೆ.

ಮನೆಯಲ್ಲಿ ಸಾರು ಬಿಸಿ ಮಾಡ್ತಾ ಮೊಬೈಲ್ ನೋಡ್ತೀನಿ. ನಾನು ಎದ್ದ ಮೇಲೆ ಕಬ್ಸ್ ಮೊದಲು ಮೂರು ರನ್, ಆಮೇಲೆ ಎಂಟನೇ ಇನ್ನಿಂಗ್ಸ್ ಒಂದರಲ್ಲೇ ಒಂಬತ್ತು! ಬ್ರೇವ್ಸ್ ಪಿಚರ್‌ಗಳ (ಚೆಂಡು ಎಸೆಯುವವರು, ನಮ್ಮ ಬೌಲರ್ ಥರ) ಕೈ ಮರಗಟ್ಟಿ ಚೆಂಡು ಹಿಡಿತಕ್ಕೇ ಸಿಗದೆ ವಾಕ್ ಮೇಲೆ ವಾಕ್ ಕೊಟ್ಟಿದ್ದಾರೆ. ವಾಕ್ ಅಂದರೆ ದಾರಿ ತಪ್ಪಿದ ಎಸೆತಗಳಿಂದ ಬ್ಯಾಟರ್‌ಗೆ ಓಟದ ಮೊದಲ ನಿಲ್ದಾಣ, ಅಂದರೆ ಬೇಸ್, ಪುಕ್ಕಟೆ ಸಿಗೋದು. 14-10ಕ್ಕೆ ಕಬ್ಸ್ ಗೆದ್ದರು. ಸಾರು ಉಕ್ಕಿ ಒಲೆ ಮೇಲೆಲ್ಲ ಆಯಿತು.

ರಿಗ್ಲಿ ಫೀಲ್ಡ್‌ನಲ್ಲಿ ಒಂದು ಪದ್ಧತಿ ಇದೆ. ಮ್ಯಾಚ್ ಮುಗಿದ ಕೂಡಲೇ ಸ್ಕೋರ್‌ಬೋರ್ಡ್ ಮೇಲೆ ಬಾವುಟ ಏರಿಸ್ತಾರೆ. ಗೆದ್ದರೆ ಬಿಳಿ ಬಟ್ಟೆ ಮೇಲೆ ನೀಲಿ ಡಬ್ಲ್ಯೂ, ಸೋತರೆ ನೀಲಿ ಬಟ್ಟೆ ಮೇಲೆ ಬಿಳಿ ಎಲ್. ಕೆಲಸ ಮುಗಿಸಿ ರೈಲಿನಲ್ಲಿ ಮನೆಗೆ ಹೋಗುವವರಿಗೆ ಫಲಿತಾಂಶ ಗೊತ್ತಾಗಲಿ ಅಂತ ಬಂದದ್ದಂತೆ ಅದು. ಟಿಕೆಟ್‌ಗೆ ದುಡ್ಡು ಕೊಟ್ಟು ಒಳಗೆ ಕೂತಿದ್ದವಳು ನಾನು, ಆ ಬಾವುಟ ನೋಡಿದವರು ಸುಮ್ನೆ ರೈಲಿನಲ್ಲಿ ಹೋಗ್ತಿದ್ದವರು. ಆವತ್ತಿನಿಂದ ನಾನು ಮಧ್ಯದಲ್ಲಿ ಎದ್ದು ಬಂದಿಲ್ಲ. ಶೀತ ಆಗಿದೆ, ಜ್ವರ ಬಂದಿದೆ, ಸೋಮವಾರ ರಜೆ ಹಾಕಿದ್ದೀನಿ, ಆದರೆ ಎದ್ದು ಬಂದಿಲ್ಲ.

ಹಾಗಂತ ಪ್ರತಿ ಏಪ್ರಿಲ್‌ನಲ್ಲೂ ಹೀಗೆಲ್ಲ ಆಗುತ್ತೆ ಅಂತ ತಿಳೀಬೇಡಿ. ಆಗಲ್ಲ. ಬಹುಪಾಲು ಮ್ಯಾಚು 3-1, 2-0, ಇಂಥವೇ. ಗಾಳಿ ಸರೋವರದಿಂದ ಒಳಕ್ಕೆ ಬೀಸುವಾಗ ಸರಿಯಾಗಿ ಹೊಡೆದ ಚೆಂಡೂ ಮೇಲಕ್ಕೇರಿ, ನಿಂತು, ಯೋಚನೆ ಮಾಡಿ, ಫೀಲ್ಡರ್ ಕೈಗೇ ಬಂದು ಬೀಳುತ್ತೆ. ಗಾಳಿ ಹೊರಕ್ಕೆ ಬೀಸಿದಾಗ ಅದೇ ಮೈದಾನ ಹುಚ್ಚು ಹಿಡಿದವರ ಹಾಗೆ ಆಡುತ್ತೆ. 1979ರ ಮೇ 17ರಂದು ಇಲ್ಲೇ ಫಿಲಡೆಲ್ಫಿಯಾ ಕಬ್ಸ್‌ನ 23-22ಕ್ಕೆ ಸೋಲಿಸಿತ್ತು. ಕ್ರಿಕೆಟ್ ಸ್ಕೋರಲ್ಲ, ಬೇಸ್‌ಬಾಲ್ ಸ್ಕೋರೇ. ಏಪ್ರಿಲ್‌ನಲ್ಲಿ ಅಂಥ ಹಬ್ಬ ಅಪರೂಪ. ಆದರೆ ನನಗೆ ಇಷ್ಟ ಆಗೋದು ಈ ಬಿಗಿ ಆಟವೇ. ಹೋಂ ರನ್ (ನಮ್ಮ ಸಿಕ್ಸರ್ ಥರ) ನಂಬಿ ಕೂರೋಕಾಗಲ್ಲ, ಹಾಗಾಗಿ ಪಿಚರ್ ಎಸೆಯುವಷ್ಟರಲ್ಲಿ ಓಡಿ ಒಂದೊಂದು ಬೇಸ್ ಕದಿಯೋದು, ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲಗೆ ತಟ್ಟಿ ಬಂಟ್ ಮಾಡೋದು ಎಲ್ಲಕ್ಕೂ ಬೆಲೆ ಬರುತ್ತೆ. ನಮ್ಮಲ್ಲಿ ಸ್ಪಿನ್ ಪಿಚ್ ಮೇಲಿನ 140 ರನ್ ಮ್ಯಾಚ್ ಇಷ್ಟಪಡುವ ಜನ ಇದ್ದಾರಲ್ವಾ, ಅವರಿಗೆ ನಾನು ಹೇಳ್ತಿರೋದು ಅರ್ಥ ಆಗುತ್ತೆ.

ಮತ್ತೆ ಸದ್ದು. 41,000 ಜನ ಹಿಡಿಸುವ ಜಾಗದಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಕೂತಿರುವಾಗ (ಬೋರ್ಡಿನಲ್ಲಿ ಹಾಕುವ ಸಂಖ್ಯೆ ನಂಬಬೇಡಿ, ಅದು ಮಾರಾಟವಾದ ಟಿಕೆಟ್ ಲೆಕ್ಕ) ಚೆಂಡು ಕ್ಯಾಚರ್ (ನಮ್ಮ ವಿಕೆಟ್‌ಕೀಪರ್ ಥರ) ಗ್ಲವ್‌ಗೆ ಬೀಳುವ ಸದ್ದು ಮೇಲಿನ ಸಾಲಿಗೂ ಕೇಳುತ್ತೆ. ಒಣಗಿದ ತೆಂಗಿನಗರಿ ನೆಲಕ್ಕೆ ಬಡಿದ ಹಾಗೆ. ಚಳಿಯಲ್ಲಿ ಬ್ಯಾಟಿನ ಹಿಡಿಕೆ ಹತ್ತಿರ ಚೆಂಡು ತಗುಲಿದರೆ ಆಟಗಾರ ಕೈ ಕೊಡವಿಕೊಂಡು ಬೈಯೋದೂ ಕೇಳುತ್ತೆ. ಪಿಚರ್ ಕೈಗೆ ಉಸಿರು ಊದಿಕೊಳ್ಳುವಂತಿಲ್ಲ ಅಂತ ಒಂದು ನಿಯಮ ಇದೆ, ಆದರೆ ಚಳಿ ಇದ್ದರೆ ಎರಡೂ ತಂಡ ಒಪ್ಪಿದ ಮೇಲೆ ಅಂಪೈರ್ ಅದಕ್ಕೆ ಅನುಮತಿ ಕೊಡಬಹುದು. ಕೋಟ್ಯಂತರ ಡಾಲರ್ ಸಂಬಳದವನು ಶಾಲೆ ಹುಡುಗನ ಥರ ಮುಷ್ಟಿಗೆ ಹೂ ಹೂ ಅಂತ ಊದಿಕೊಳ್ಳೋದು ನೋಡಿದರೆ ನನಗೆ ಸ್ವಲ್ಪ ಸಮಾಧಾನ.

ಗೋಡೆಯದು ಇನ್ನೊಂದು ಕಥೆ. ರಿಗ್ಲಿಯ ಆಟದಂಗಳದ ಅಂಚಿನ ಗೋಡೆಗೆ 1937ರಲ್ಲಿ ನೆಟ್ಟ ಬಳ್ಳಿ ಲೋಕಕ್ಕೆಲ್ಲ ಪ್ರಸಿದ್ಧ, ಫೋಟೊಗಳಲ್ಲಿ ನೋಡಿರ್ತೀರ. ಏಪ್ರಿಲ್‌ನಲ್ಲಿ ಅದರಲ್ಲಿ ಎಲೆಯೇ ಇರಲ್ಲ. ಇಟ್ಟಿಗೆ ಮೇಲೆ ಕಂದು ನರಗಳ ಥರ ಹಬ್ಬಿರುತ್ತೆ, ಅಷ್ಟೇ. ನೆಂಟರು ನೋಡಿ "ಇದೇನಾ?" ಅಂತಾರೆ. ಬೇಸಿಗೆಯಲ್ಲಿ ಚೆಂಡು ಎಲೆಯೊಳಗೆ ಸಿಕ್ಕಿಕೊಂಡರೆ ಫೀಲ್ಡರ್ ಎರಡೂ ಕೈ ಎತ್ತುತ್ತಾನೆ, ಹೊಡೆದವನಿಗೆ ಎರಡು ಬೇಸ್ ಮಾತ್ರ. ಏಪ್ರಿಲ್‌ನಲ್ಲಿ ಚೆಂಡು ಇಟ್ಟಿಗೆಗೆ ಬಡಿದು ವಾಪಸ್ ಬರುತ್ತೆ, ಫೀಲ್ಡರ್ ಓಡಲೇಬೇಕು.

ಮೊದಲ ವಾರಗಳ ಅಂಕಿಅಂಶ ಅಂತೂ ಒಳ್ಳೆ ತಮಾಷೆ. 1994ರ ಸೀಸನ್‌ನ ಮೊದಲ ದಿನ ಕಬ್ಸ್‌ನ ಟಫಿ ರೋಡ್ಸ್ ಅನ್ನುವವನು ಇಲ್ಲೇ ಡ್ವೈಟ್ ಗುಡನ್‌ನಂಥ ಪಿಚರ್‌ಗೆ ಮೊದಲ ಮೂರು ಸಲವೂ ಹೋಂ ರನ್ ಹೊಡೆದ. ಆ ಲೆಕ್ಕದಲ್ಲಿ ವರ್ಷಕ್ಕೆ ನಾನೂರಾದರೂ ಹೊಡೀಬೇಕಿತ್ತು. ಹೊಡೆದದ್ದು ಎಂಟು. ಆ ಮ್ಯಾಚೂ ಕಬ್ಸ್ ಸೋತರು. ಆಮೇಲೆ ಅವನು ಜಪಾನ್‌ಗೆ ಹೋಗಿ 2001ರಲ್ಲಿ ಒಂದೇ ಸೀಸನ್‌ನಲ್ಲಿ 55 ಹೋಂ ರನ್ ಹೊಡೆದು ಅಲ್ಲಿನ ದಂತಕಥೆ ಸದಹರು ಓ ದಾಖಲೆಯನ್ನೇ ಸರಿಗಟ್ಟಿದ, ಅದು ಬೇರೆ ಕಥೆ. 1997ರಲ್ಲಿ ಕಬ್ಸ್ ಮೊದಲ 14 ಮ್ಯಾಚನ್ನೂ ಸೋತಿದ್ದರು. ಹದಿನಾಲ್ಕೂ! ನಮ್ಮ ಆರ್‌ಸಿಬಿ ಕೂಡ ಯಾವ ವರ್ಷವೂ ಅಷ್ಟು ಮಾಡಿಲ್ಲ.

ಏಪ್ರಿಲ್ ಮಧ್ಯಾಹ್ನದ ಪ್ರೇಕ್ಷಕರಿಗೆ ಬೈಗುಳವೂ ಹೊಸದಲ್ಲ. 1983ರ ಏಪ್ರಿಲ್ 29ರಂದು ಇನ್ನೊಂದು ಮ್ಯಾಚ್ ಸೋತ ಮೇಲೆ ಕಬ್ಸ್ ಮ್ಯಾನೇಜರ್ (ನಮ್ಮ ಕೋಚ್ ಥರ) ಲೀ ಎಲಿಯಾ, ಜಗತ್ತೆಲ್ಲ ಕೆಲಸಕ್ಕೆ ಹೋಗಿರುವಾಗ ಇಲ್ಲಿ ಬಂದು ಕೂಗಾಡುವ ಇವರಿಗೆ ಕೆಲಸವೇ ಇಲ್ಲ ಅಂತ, ಬರೆಯೋಕಾಗದ ಮಾತಿನಲ್ಲಿ, ವರದಿಗಾರರ ಮುಂದೆಯೇ ಉಗಿದಿದ್ದರು. ಆವತ್ತು ಇದ್ದದ್ದು 9,391 ಜನ. ನಾನು ರಜೆ ಅರ್ಜಿ ಬರೆಯುವಾಗೆಲ್ಲ ಅವರನ್ನು ನೆನೆಸಿಕೊಳ್ತೀನಿ.

ಈ ಕಥೆಗಳನ್ನೆಲ್ಲ ನನಗೆ ಹೇಳಿದ್ದು ನನ್ನ ಪಕ್ಕದ ಸೀಟಿನ ಅಜ್ಜ. ರಟ್ಟಿನ ಉಪಾಯ ಹೇಳಿಕೊಟ್ಟದ್ದೂ ಅವರೇ. ಎಪ್ಪತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಮ್ಯಾಚ್ ಪೂರ್ತಿ ಸ್ಕೋರ್‌ಕಾರ್ಡ್ ಬರೀತಾರೆ. ಪೆನ್ಸಿಲ್‌ನಲ್ಲೇ ಬರೀಬೇಕು, ಚಳಿಗೆ ಪೆನ್ನು ಬರೆಯಲ್ಲ ಅಂತ ಮೊದಲ ಪಾಠ. ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟಾಗೋದು) ಆದರೆ ಇಂಗ್ಲಿಷಿನ ಕೆ. ಬ್ಯಾಟ್ ಬೀಸದೆ ಸುಮ್ನೆ ನಿಂತು ಔಟಾದರೆ ಅದೇ ಕೆ ಉಲ್ಟಾ. ಆ ಉಲ್ಟಾ ಕೆ ನಲ್ಲಿ ಎಷ್ಟು ಅವಮಾನ ಇದೆ ನೋಡಿ. ನಾನು ಈಗ ಗವಸು ಹಾಕಿದ ಕೈಯಲ್ಲೇ ಬರೆಯೋದು ಕಲಿತಿದ್ದೀನಿ. ಗೀಚಿದ್ದು ನನಗೆ ಬಿಟ್ಟು ಯಾರಿಗೂ ಓದೋಕಾಗಲ್ಲ.

ಒಂದು ಏಪ್ರಿಲ್, ಮಳೆಗೆ ಆಟ ನಿಂತು, ಮೈದಾನಕ್ಕೆ ಟಾರ್ಪಾಲು ಎಳೆದಿದ್ದರು. ಅರ್ಧ ಜನ ಹೊರಟರು. ನಾನು ಅಜ್ಜನಿಗೆ ನನ್ನ 2018ರ ಕಥೆ ಹೇಳಿದೆ, ಹೇಗೆ 10-2ಕ್ಕೆ ಎದ್ದು ಹೋದೆ ಅಂತ. ಅವರು ನಗಲಿಲ್ಲ. ವ್ಯಾಲೆಟ್ ತೆಗೆದು, ಅದರ ಹಿಂದಿನ ಪದರದಿಂದ ಪ್ಲಾಸ್ಟಿಕ್ ಕವರ್‌ನಲ್ಲಿದ್ದ ಒಂದು ಹಳೆ ಟಿಕೆಟ್ ತೋರಿಸಿದರು. 1998ರ ಮೇ 6. ಮೂಲೆ ಹರಿದಿರಲಿಲ್ಲ. ಅಂದರೆ ಬಾಗಿಲಲ್ಲಿ ಯಾರೂ ಅದನ್ನು ತಗೊಂಡೇ ಇಲ್ಲ.

ಆವತ್ತು ಬುಧವಾರ, ಮೋಡ, ಜಿಟಿಜಿಟಿ ಮಳೆ. ಈ ಹವಾದಲ್ಲಿ ಯಾರು ಹೋಗ್ತಾರೆ ಅಂತ ಅವರು ಮನೆಯಲ್ಲೇ ಉಳಿದರು. ಹೋದವರು 15,758 ಜನ. ಕೆರಿ ವುಡ್ ಅನ್ನುವ 20 ವರ್ಷದ ಕಬ್ಸ್ ಪಿಚರ್ ಹುಡುಗ, ತನ್ನ ಐದನೇ ಮ್ಯಾಚು ಶುರು ಮಾಡಿ, ಹ್ಯೂಸ್ಟನ್ ತಂಡದವರನ್ನು 20 ಸಲ ಸ್ಟ್ರೈಕ್‌ಔಟ್ ಮಾಡಿದ. ಇಡೀ ಮ್ಯಾಚಿಗೆ ಕೊಟ್ಟದ್ದು ಒಂದೇ ಹಿಟ್ (ಹೊಡೆದು ಬೇಸ್ ತಲುಪೋದು). ಇಲ್ಲಿನ ಮೇಜರ್ ಲೀಗ್‌ನ ಒಂಬತ್ತು ಇನ್ನಿಂಗ್ಸ್ ಮ್ಯಾಚಲ್ಲಿ ಅದಕ್ಕಿಂತ ಜಾಸ್ತಿ ಸ್ಟ್ರೈಕ್‌ಔಟ್ ಇವತ್ತಿನವರೆಗೂ ಯಾರೂ ಮಾಡಿಲ್ಲ.

ಅದನ್ನು ಯಾಕೆ ಇಟ್ಟುಕೊಂಡಿದ್ದೀರ ಅಂತ ಕೇಳಿದೆ. ಮಳೆ ಬಂದಾಗ ನೋಡೋಕೆ ಅಂದರು. ಕವರ್ ಸಮೇತ ಮಡಿಸಿ ಒಳಗಿಟ್ಟರು.

ಆ ದಿನದ ಮ್ಯಾಚು ಒಂದೂವರೆ ಗಂಟೆ ಆದ ಮೇಲೆ ಮತ್ತೆ ಶುರುವಾಗಿ, ಕಬ್ಸ್ ಸೋತು, ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. ಕೊನೆವರೆಗೂ ಇದ್ದೆವು. ನಾನು ಚಟ್ನಿಪುಡಿ ತುಪ್ಪ ಸವರಿದ ಚಪಾತಿ ರೋಲ್ ಒಂದನ್ನು ಅರ್ಧ ಮಾಡಿ ಅವರಿಗೆ ಕೊಟ್ಟೆ. ಒಂದು ಕಚ್ಚು ತಿಂದು, ಕಣ್ಣಲ್ಲಿ ನೀರು ಬಂದು, ಮೂಗು ಒರೆಸಿಕೊಂಡು, ಇದು ರಟ್ಟಿಗಿಂತ ವಾಸಿ ಅಂದರು. ಈಗ ಏಪ್ರಿಲ್‌ನಲ್ಲಿ ನಾಲ್ಕು ರೋಲ್ ಕಟ್ಟಿಕೊಂಡು ಹೋಗ್ತೀನಿ. ಎರಡು ಅವರಿಗೆ. ಗುಂಟೂರು ಮೆಣಸಿನಕಾಯಿ ಸ್ವಲ್ಪ ಜಾಸ್ತಿ ಹಾಕು ಅಂತ ಅಮ್ಮನಿಗೆ ಹೇಳಿದ್ದೀನಿ, ಯಾಕೆ ಅಂತ ಹೇಳಿಲ್ಲ.